ಶಿಕ್ಷೆಗೆ ಕ್ಷಮೆ: ಅರ್ಜಿ ಯಾರಿಗೆ, ಯಾವಾಗ, ಹೇಗೆ?

ಬಾಗಲಕೋಟೆ: ಸ್ವಾತಂತ್ರ್ಯೋತ್ಸವ ಇಲ್ಲವೇ ಗಣರಾಜ್ಯೋತ್ಸವ ಸಮೀಪಿಸಿತೆಂದರೆ ಸನ್ನಡತೆಯ ಕೈದಿಗಳ ಬಿಡುಗಡೆಯ ಮಾತು ಕೇಳಿಬರುತ್ತದೆ. ತಂದೆ, ಮಗ ಅಥವಾ ಗಂಡ ಜೈಲಿನಲ್ಲಿರುವ ಮನೆಗಳಲ್ಲಿ ಆ ದಿನಗಳಂದು ಆಸೆ ಚಿಗುರುತ್ತದೆ. 'ಹದಿನಾಲ್ಕು ವರ್ಷ ತುಂಬಿತು, ಇನ್ನು ಬಿಡಲೇಬೇಕು' ಎನ್ನುವವರುಂಟು. 'ರಾಜ್ಯಪಾಲರಿಗೆ ಒಂದು ಅರ್ಜಿ ಕೊಟ್ಟರೆ ಸಾಕು' ಎನ್ನುವವರುಂಟು. 'ಬೆಂಗಳೂರಿನಲ್ಲಿ ನಮಗೆ ಗೊತ್ತಿದ್ದವರಿದ್ದಾರೆ, ಮಾಡಿಸಿಕೊಡುತ್ತೇವೆ' ಎಂದು ಹಣ ಕೇಳುವವರೂ ಇಲ್ಲದಿಲ್ಲ. ಈ ಮೂರೂ ಮಾತುಗಳನ್ನು ನಂಬಿ ಕೂತ ಕುಟುಂಬ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ಕೈದಿಯ ಬದುಕಿನ ವರ್ಷಗಳನ್ನು ಸಹ.

ಕ್ಷಮೆ ಕೋರುವ ಅವಕಾಶವನ್ನು ಸಂವಿಧಾನವೇ ನೀಡಿದೆ. ಆದರೆ ಅದಕ್ಕೆ ಇರುವುದು ಒಂದೇ ಬಾಗಿಲಲ್ಲ. ಯಾವ ಶಿಕ್ಷೆಗೆ ಯಾವ ಬಾಗಿಲು, ಅದನ್ನು ಯಾವ ಊರಿನಲ್ಲಿ ತಟ್ಟಬೇಕು ಎಂಬುದನ್ನು ಅರಿಯದೇ ಹಾಕಿದ ಅರ್ಜಿ ಹಲವು ಸಲ ಕಡತದಲ್ಲಿಯೇ ಉಳಿಯುತ್ತದೆ.

ಮೂರು ದಾರಿಗಳು

ಮೊದಲನೆಯದು ರಾಷ್ಟ್ರಪತಿಗಳ ಅಧಿಕಾರ. ಸಂವಿಧಾನದ 72ನೇ ವಿಧಿಯ ಪ್ರಕಾರ ಕೇಂದ್ರದ ಕಾನೂನಿನ ವ್ಯಾಪ್ತಿಗೆ ಬರುವ ಅಪರಾಧ, ಸೇನಾ ನ್ಯಾಯಾಲಯದ ಶಿಕ್ಷೆ ಹಾಗೂ ಎಲ್ಲ ಬಗೆಯ ಮರಣದಂಡನೆಯ ಪ್ರಕರಣಗಳಲ್ಲಿ ರಾಷ್ಟ್ರಪತಿಗಳು ಕ್ಷಮೆ ನೀಡಬಹುದು.

ಎರಡನೆಯದು ರಾಜ್ಯಪಾಲರ ಅಧಿಕಾರ. 161ನೇ ವಿಧಿಯ ಪ್ರಕಾರ ರಾಜ್ಯದ ಕಾರ್ಯಾಂಗದ ವ್ಯಾಪ್ತಿಗೆ ಬರುವ ವಿಷಯಗಳಲ್ಲಿ ಅವರು ಕ್ಷಮೆ ನೀಡಬಹುದು, ಶಿಕ್ಷೆಯನ್ನು ಕಡಿತಗೊಳಿಸಬಹುದು ಅಥವಾ ಬದಲಿಸಬಹುದು.

ಮೂರನೆಯದು ರಾಜ್ಯ ಸರ್ಕಾರಕ್ಕೆ ಕಾನೂನು ಕೊಟ್ಟಿರುವ ಅಧಿಕಾರ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 432 ಮತ್ತು 433ನೇ ಕಲಮುಗಳಾಗಿದ್ದ ಇವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 473 ಮತ್ತು 474ನೇ ಕಲಮುಗಳಾಗಿವೆ. 'ಸನ್ನಡತೆಯ ಬಿಡುಗಡೆ' ಎಂದು ಜನ ಕರೆಯುವ ಅವಧಿಪೂರ್ವ ಬಿಡುಗಡೆಗೆ ಆಧಾರವಾಗಿರುವುದು ಬಹುಮಟ್ಟಿಗೆ ಈ ಅಧಿಕಾರವೇ.

ಸಂವಿಧಾನ ಬಳಸುವ ಪದಗಳಲ್ಲಿಯೂ ಭೇದವಿದೆ. ಪೂರ್ಣ ಕ್ಷಮಾದಾನ ದೊರೆತರೆ ಶಿಕ್ಷೆಯ ಜೊತೆಗೆ ಅಪರಾಧ ನಿರ್ಣಯದ ಕಳಂಕವೂ ನೀಗುತ್ತದೆ. ಇದು ಅತಿ ವಿರಳ. ಶಿಕ್ಷೆಯ ಪರಿವರ್ತನೆ ಎಂದರೆ ಒಂದು ಬಗೆಯ ಶಿಕ್ಷೆಯ ಬದಲು ಅದಕ್ಕಿಂತ ಹಗುರವಾದ ಮತ್ತೊಂದು ಶಿಕ್ಷೆ. ಗಲ್ಲಿನ ಬದಲು ಜೀವಾವಧಿ ಎಂಬಂತೆ. ಶಿಕ್ಷೆಯ ಕಡಿತ ಅಥವಾ ಮಾಫಿ ಎಂದರೆ ಶಿಕ್ಷೆಯ ಬಗೆ ಬದಲಾಗದೇ ಅವಧಿ ಮಾತ್ರ ಕಡಿಮೆಯಾಗುವುದು. ಇವಲ್ಲದೆ ಶಿಕ್ಷೆಯ ಜಾರಿಯನ್ನು ತಾತ್ಕಾಲಿಕವಾಗಿ ತಡೆಯುವ ಹಾಗೂ ಗರ್ಭಧಾರಣೆ, ಅನಾರೋಗ್ಯದಂಥ ವಿಶೇಷ ಕಾರಣಕ್ಕೆ ಸಡಿಲಿಕೆ ನೀಡುವ ಅವಕಾಶಗಳೂ ಇವೆ. ನಮ್ಮ ಭಾಗದ ಕುಟುಂಬಗಳು 'ಕ್ಷಮಾದಾನ' ಎಂದು ಕೇಳುವುದು ಬಹುತೇಕ ಸಂದರ್ಭಗಳಲ್ಲಿ ಶಿಕ್ಷೆಯ ಕಡಿತವನ್ನೇ.

ಪೆರೋಲ್ ಇವುಗಳಲ್ಲಿ ಯಾವುದೂ ಅಲ್ಲ. ಅದು ಕೆಲ ದಿನಗಳ ಬಿಡುವು. ಹೋರಾಟಗಾರರ ಮೇಲಿನ ಮೊಕದ್ದಮೆಗಳನ್ನು ಸರ್ಕಾರ ವಾಪಸು ಪಡೆಯುವುದೂ ಬೇರೆ ಸಂಗತಿ. ಅದು ತೀರ್ಪಿಗೆ ಮುಂಚೆ, ನ್ಯಾಯಾಲಯದ ಒಪ್ಪಿಗೆಯಿಂದ ನಡೆಯುವಂಥದು. ಕ್ಷಮೆಯ ಪ್ರಶ್ನೆ ಏಳುವುದು ಶಿಕ್ಷೆಯಾದ ಮೇಲೆ.

'ಹದಿನಾಲ್ಕು ವರ್ಷ' ಎಂಬ ನಂಬಿಕೆ

ಜೀವಾವಧಿ ಎಂದರೆ 14 ವರ್ಷ ಎಂಬ ನಂಬಿಕೆ ಹಳ್ಳಿಯಿಂದ ಪಟ್ಟಣದವರೆಗೆ ಬೇರೂರಿದೆ. ಇದು ತಪ್ಪು. ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿಯೇ ಜೀವಾವಧಿ ಶಿಕ್ಷೆ ಎಂದರೆ ಕೈದಿಯ ಉಳಿದ ಆಯುಷ್ಯವೆಲ್ಲ ಎಂದು ಸ್ಪಷ್ಟಪಡಿಸಿತು.

ಹಾಗಾದರೆ 14 ಎಂಬ ಸಂಖ್ಯೆ ಬಂದುದೆಲ್ಲಿಂದ? ಮರಣದಂಡನೆಯನ್ನೂ ವಿಧಿಸಬಹುದಾದ ಅಪರಾಧಕ್ಕೆ, ಉದಾಹರಣೆಗೆ ಕೊಲೆಗೆ, ಜೀವಾವಧಿ ಶಿಕ್ಷೆಯಾದವರನ್ನು ಕನಿಷ್ಠ 14 ವರ್ಷ ಸೆರೆವಾಸ ಪೂರೈಸದ ಹೊರತು ಬಿಡಬಾರದೆಂದು 1978ರಲ್ಲಿ ಹಳೆಯ ಸಂಹಿತೆಗೆ 433-ಎ ಕಲಮು ಸೇರಿತು. ಹೊಸ ಸಂಹಿತೆಯಲ್ಲಿ ಅದು 475ನೇ ಕಲಮು. ಅಂದರೆ 14 ವರ್ಷವೆಂಬುದು ಬಿಡುಗಡೆಯ ದಿನವಲ್ಲ. ಸರ್ಕಾರ ತನ್ನ ಶಾಸನಬದ್ಧ ಅಧಿಕಾರದಡಿ ಬಿಡುಗಡೆ ಮಾಡಬಹುದಾದ ಅತಿ ಮುಂಚಿನ ದಿನ. ಜೈಲಿನಲ್ಲಿ ದುಡಿದು, ಶಿಸ್ತಿನಿಂದಿದ್ದು ಗಳಿಸಿದ ಮಾಫಿಯ ದಿನಗಳನ್ನು ಇದರಲ್ಲಿ ಸೇರಿಸುವಂತಿಲ್ಲ. ಆದರೆ ವಿಚಾರಣಾಧೀನ ಕೈದಿಯಾಗಿ ಕಳೆದ ದಿನಗಳನ್ನು ಎಣಿಸಬಹುದು.

ರಾಜ್ಯಪಾಲರ ಅಧಿಕಾರಕ್ಕೆ ಈ ಮಿತಿ ಅನ್ವಯಿಸದು. ಶಾಸನದಿಂದ ಬಂದ ಅಧಿಕಾರ ಬೇರೆ, ಸಂವಿಧಾನದಿಂದ ಬಂದ ಅಧಿಕಾರ ಬೇರೆ ಎಂದು ಮಾರು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1980ರಲ್ಲಿ ಹೇಳಿದೆ. ಮಾರಕ ರೋಗ, ಇಳಿವಯಸ್ಸಿನಂಥ ಅಸಾಧಾರಣ ಸಂದರ್ಭಗಳಲ್ಲಿ ಆ ದಾರಿ ತೆರೆದೇ ಇದೆ.

ಕರ್ನಾಟಕದ್ದೇ ಆದ ಮತ್ತೊಂದು ಪ್ರಕರಣವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಶಾಕೆರೆ ಖಲೀಲಿ ಕೊಲೆ ಪ್ರಕರಣದಲ್ಲಿ ಸ್ವಾಮಿ ಶ್ರದ್ಧಾನಂದನ ಗಲ್ಲು ಶಿಕ್ಷೆಯನ್ನು 2008ರಲ್ಲಿ ಜೀವಾವಧಿಗೆ ಇಳಿಸಿದ ಸುಪ್ರೀಂ ಕೋರ್ಟ್, ಆತನನ್ನು ಬದುಕಿರುವವರೆಗೆ ಬಿಡುಗಡೆ ಮಾಡಕೂಡದೆಂದು ಆದೇಶಿಸಿತು. ಅಂದಿನಿಂದ ತೀರ್ಪುಗಳಲ್ಲಿ '20 ವರ್ಷ ಮಾಫಿಯಿಲ್ಲದೆ', '30 ವರ್ಷ ಮಾಫಿಯಿಲ್ಲದೆ' ಎಂಬ ಷರತ್ತುಗಳು ಕಾಣತೊಡಗಿವೆ. ಆದುದರಿಂದ ಅರ್ಜಿಯ ಯೋಚನೆಗೆ ಮುನ್ನ ತೀರ್ಪಿನ ಕೊನೆಯ ಪುಟವನ್ನು ಓದಿಸಿಕೊಳ್ಳುವುದು ಅಗತ್ಯ. ಅಲ್ಲಿ ಇಂಥ ಷರತ್ತಿದ್ದರೆ ಸರ್ಕಾರದ ಸನ್ನಡತೆಯ ಪಟ್ಟಿ ಆ ಕೈದಿಗೆ ಅನ್ವಯವಾಗದು. ರಾಷ್ಟ್ರಪತಿ ಮತ್ತು ರಾಜ್ಯಪಾಲರ ಸಾಂವಿಧಾನಿಕ ಅಧಿಕಾರ ಮಾತ್ರ ಉಳಿಯುತ್ತದೆ.

ಯಾವ ಸರ್ಕಾರಕ್ಕೆ ಅರ್ಜಿ?

ಬಾದಾಮಿ, ಹುನಗುಂದ, ಇಳಕಲ್ ಭಾಗದಿಂದ ದುಡಿಯಲು ಗೋವಾಕ್ಕೂ ಮಹಾರಾಷ್ಟ್ರಕ್ಕೂ ಹೋಗುವವರು ಬಹಳ. ಹಾಗೆ ಹೋದವನೊಬ್ಬ ಅಲ್ಲಿ ಅಪರಾಧವೆಸಗಿ ಅಲ್ಲಿನ ನ್ಯಾಯಾಲಯದಲ್ಲಿಯೇ ಶಿಕ್ಷೆಗೊಳಗಾದರೆ ಕ್ಷಮೆ ಕೇಳಬೇಕಾದುದು ಯಾರನ್ನು? ಆತ ಹುಟ್ಟಿದ ಊರು ಬಾದಾಮಿ ತಾಲ್ಲೂಕಿನದಾದರೂ ಅರ್ಜಿ ಹೋಗಬೇಕಾದುದು ಗೋವಾ ಅಥವಾ ಮಹಾರಾಷ್ಟ್ರ ಸರ್ಕಾರಕ್ಕೆ. ಶಿಕ್ಷೆ ವಿಧಿಸಿದ ನ್ಯಾಯಾಲಯ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಸರ್ಕಾರಕ್ಕೆ ಮಾತ್ರ ಈ ಅಧಿಕಾರ ಎಂಬುದು ಕಾನೂನು.

ಬಿಲ್ಕಿಸ್ ಬಾನು ಪ್ರಕರಣ ಇದಕ್ಕೆ ಇತ್ತೀಚಿನ ದೊಡ್ಡ ನಿದರ್ಶನ. ಅಪರಾಧ ನಡೆದದ್ದು ಗುಜರಾತಿನಲ್ಲಿ, ವಿಚಾರಣೆ ಮತ್ತು ಶಿಕ್ಷೆ ಮುಂಬಯಿಯಲ್ಲಿ. 11 ಮಂದಿ ಅಪರಾಧಿಗಳನ್ನು 2022ರ ಆಗಸ್ಟ್ 15ರಂದು ಬಿಡುಗಡೆ ಮಾಡಿದ್ದು ಗುಜರಾತ್ ಸರ್ಕಾರ. ಅದಕ್ಕೆ ಆ ಅಧಿಕಾರವೇ ಇರಲಿಲ್ಲವೆಂದು 2024ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆದೇಶವನ್ನು ರದ್ದುಪಡಿಸಿತು. ಬಿಡುಗಡೆಯಾದವರು ಮತ್ತೆ ಜೈಲು ಸೇರಬೇಕಾಯಿತು. ಸಿಬಿಐ ತನಿಖೆ ನಡೆಸಿದ ಪ್ರಕರಣವಾದರೆ ರಾಜ್ಯ ಸರ್ಕಾರವು ಕೇಂದ್ರದ ಸಮ್ಮತಿಯನ್ನೂ ಪಡೆಯಬೇಕು.

ಅರ್ಜಿ ಸಾಗುವ ಹಾದಿ

ಮೇಲ್ಮನವಿಯ ಹಂತಗಳು ಮುಗಿದ ಬಳಿಕ ಕ್ಷಮೆ ಕೋರುವುದು ರೂಢಿ. ಬಾಗಲಕೋಟೆ ಜಿಲ್ಲೆಯ ಮೇಲ್ಮನವಿಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತವೆ. ಕ್ಷಮೆಯ ಅರ್ಜಿ ಮತ್ತೊಂದು ಮೇಲ್ಮನವಿಯಲ್ಲ. ಅದು ತೀರ್ಪನ್ನು ತಿದ್ದುವುದಿಲ್ಲ. ತೀರ್ಪನ್ನು ಹಾಗೆಯೇ ಇರಿಸಿ ಶಿಕ್ಷೆಯ ವಿಷಯದಲ್ಲಿ ದಯೆ ತೋರುತ್ತದೆ. ಆದ್ದರಿಂದ 'ಸಾಕ್ಷಿ ಸುಳ್ಳು ಹೇಳಿದ' ಎಂಬ ವಾದಕ್ಕಿಂತ ಕೈದಿಯ ವಯಸ್ಸು, ಆರೋಗ್ಯ, ಜೈಲಿನಲ್ಲಿನ ನಡತೆ, ಕಲಿತ ಕಸುಬು, ಮನೆಯ ಸ್ಥಿತಿ ಇವುಗಳಿಗೆ ಇಲ್ಲಿ ಹೆಚ್ಚು ತೂಕ.

ಅರ್ಜಿಯನ್ನು ಕೈದಿಯೇ ಸಲ್ಲಿಸುವುದಾದರೆ ತಾನಿರುವ ಕಾರಾಗೃಹದ ಅಧಿಕಾರಿಯ ಮೂಲಕವೇ ಸಲ್ಲಿಸಬೇಕು. ಈ ಭಾಗಕ್ಕೆ ಸಮೀಪದ ಕೇಂದ್ರ ಕಾರಾಗೃಹಗಳೆಂದರೆ ವಿಜಯಪುರದ ದರ್ಗಾ ಜೈಲು, ಬೆಳಗಾವಿಯ ಹಿಂಡಲಗಾ, ಧಾರವಾಡ ಹಾಗೂ ಬಳ್ಳಾರಿ. ಕುಟುಂಬದವರು ಸಲ್ಲಿಸುವುದಾದರೆ ಕೈದಿ ಜೈಲಿನಲ್ಲಿದ್ದಾನೆ ಎಂಬ ಘೋಷಣೆ ಅರ್ಜಿಯಲ್ಲಿರಬೇಕು. ಇದಕ್ಕೆ ವಕೀಲರೇ ಬೇಕೆಂಬ ನಿಯಮವಿಲ್ಲ. ಕೈದಿಯ ಸಂಖ್ಯೆ, ಶಿಕ್ಷೆ ವಿಧಿಸಿದ ನ್ಯಾಯಾಲಯ, ಪ್ರಕರಣದ ಸಂಖ್ಯೆ, ತೀರ್ಪಿನ ದಿನಾಂಕ, ಮೇಲ್ಮನವಿಯ ಫಲಿತಾಂಶ ಹಾಗೂ ಈವರೆಗಿನ ಸೆರೆವಾಸದ ಲೆಕ್ಕ ಇವು ಸ್ಪಷ್ಟವಾಗಿರಬೇಕು. ತೀರ್ಪಿನ ಪ್ರತಿ, ವೈದ್ಯಕೀಯ ದಾಖಲೆ ಇದ್ದಲ್ಲಿ ಲಗತ್ತಿಸಬೇಕು.

ಅನಂತರ ಸರ್ಕಾರವು ಜೈಲಿನಿಂದ ನಡತೆಯ ವರದಿಯನ್ನೂ ಪೊಲೀಸರಿಂದ ಊರಿನ ವರದಿಯನ್ನೂ ತರಿಸಿಕೊಳ್ಳುತ್ತದೆ. ಶಿಕ್ಷೆ ವಿಧಿಸಿದ ನ್ಯಾಯಾಲಯದ ನ್ಯಾಯಾಧೀಶರ ಅಭಿಪ್ರಾಯವನ್ನು ಕಾರಣಗಳ ಸಮೇತ ಕೇಳಬಹುದು. 2000ನೇ ಇಸವಿಯ ಲಕ್ಷ್ಮಣ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದಿಟ್ಟ ಐದು ಪ್ರಶ್ನೆಗಳು ಇಂದಿಗೂ ಅಳತೆಗೋಲಾಗಿವೆ: ಅಪರಾಧ ಸಮಾಜದ ಮೇಲೆ ವ್ಯಾಪಕ ಪರಿಣಾಮ ಬೀರದ ವೈಯಕ್ತಿಕ ಕೃತ್ಯವೇ, ಅದು ಮರುಕಳಿಸುವ ಸಂಭವವಿದೆಯೇ, ಅಪರಾಧವೆಸಗುವ ಸಾಮರ್ಥ್ಯ ಕೈದಿಯಲ್ಲಿ ಉಳಿದಿದೆಯೇ, ಆತನನ್ನು ಇನ್ನೂ ಸೆರೆಯಲ್ಲಿಡುವುದರಿಂದ ಪ್ರಯೋಜನವಿದೆಯೇ, ಕುಟುಂಬದ ಸಾಮಾಜಿಕ ಹಾಗೂ ಆರ್ಥಿಕ ಸ್ಥಿತಿ ಹೇಗಿದೆ.

ಪೊಲೀಸ್ ವರದಿಯ ಹಂತದಲ್ಲಿ ಈ ಜಿಲ್ಲೆಯ ಜನ ವಿಶೇಷ ಎಚ್ಚರ ವಹಿಸಬೇಕಾದ ಕಾರಣವೊಂದಿದೆ. ತೀರ್ಪಿನಲ್ಲಿರುವ ವಿಳಾಸ ಹದಿನೈದು, ಇಪ್ಪತ್ತು ವರ್ಷ ಹಳೆಯದು. ಆಲಮಟ್ಟಿ ಹಿನ್ನೀರಿನಿಂದ ಎಷ್ಟೋ ಮನೆತನಗಳು ಹಳೆಯ ಬಾಗಲಕೋಟೆಯಿಂದ ನವನಗರಕ್ಕೆ, ಮುಳುಗಿದ ಹಳ್ಳಿಗಳಿಂದ ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡಿವೆ. 2009ರ ಮಲಪ್ರಭೆಯ ಪ್ರವಾಹದ ನಂತರ ಬಾದಾಮಿ, ಹುನಗುಂದ ಭಾಗದ ಹಳ್ಳಿಗರು 'ಆಸರೆ' ಮನೆಗಳಿಗೆ ಹೋದದ್ದುಂಟು. ಹುನಗುಂದ ತಾಲ್ಲೂಕಿನಲ್ಲಿದ್ದ ಇಳಕಲ್ ಈಗ ಪ್ರತ್ಯೇಕ ತಾಲ್ಲೂಕು. ಜಿಲ್ಲೆಯೇ 1997ರ ಆಗಸ್ಟ್ 15ಕ್ಕೆ ಮುನ್ನ ವಿಜಾಪುರದ ಭಾಗವಾಗಿತ್ತು. ಹಳೆಯ ವಿಳಾಸಕ್ಕೆ ಹೋದ ಪೊಲೀಸರಿಗೆ ಮನೆಯೇ ಸಿಗದಿದ್ದರೆ 'ಕುಟುಂಬದವರು ಪತ್ತೆಯಿಲ್ಲ' ಎಂಬ ಒಂದು ಸಾಲಿನಿಂದ ಅರ್ಜಿ ಹಿಂದೆ ಬೀಳಬಹುದು. ಈಗಿನ ವಿಳಾಸವನ್ನು ಜೈಲಿಗೂ ಸಂಬಂಧಿಸಿದ ಠಾಣೆಗೂ ಲಿಖಿತವಾಗಿ ತಿಳಿಸಿ, ಬಿಡುಗಡೆಯ ನಂತರ ಕೈದಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಬರೆದುಕೊಡುವುದು ಲೇಸು.

ಅರ್ಜಿಯೇ ಇಲ್ಲದಿದ್ದರೆ? ಈ ಪ್ರಶ್ನೆಗೆ 2025ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟ್ ಮಹತ್ವದ ಉತ್ತರ ನೀಡಿದೆ. ಅವಧಿಪೂರ್ವ ಬಿಡುಗಡೆಯ ನೀತಿ ಇರುವ ರಾಜ್ಯಗಳಲ್ಲಿ ಅರ್ಹ ಕೈದಿ ಅರ್ಜಿ ಹಾಕದಿದ್ದರೂ ಸರ್ಕಾರವೇ ಆತನ ಪ್ರಕರಣವನ್ನು ಪರಿಗಣಿಸಬೇಕು. ನೀಡುವ ಅಥವಾ ನಿರಾಕರಿಸುವ ಆದೇಶದಲ್ಲಿ ಕಾರಣಗಳಿರಬೇಕು, ಅದನ್ನು ಕೈದಿಗೆ ತಿಳಿಸಬೇಕು. ಕೈದಿಗೆ ಶಿಕ್ಷೆಯಾದ ದಿನ ಜಾರಿಯಲ್ಲಿದ್ದ ನೀತಿ ಅನ್ವಯಿಸುತ್ತದೆ, ಅನಂತರದ ನೀತಿ ಹೆಚ್ಚು ಉದಾರವಾಗಿದ್ದರೆ ಅದರ ಲಾಭವೂ ದೊರೆಯಬೇಕು ಎಂಬುದು ಈ ಮೊದಲೇ ಇತ್ಯರ್ಥವಾಗಿರುವ ಸಂಗತಿ.

ಗಲ್ಲು ಶಿಕ್ಷೆಯಾದಾಗ

ಮರಣದಂಡನೆಯ ಪ್ರಕರಣಗಳಿಗೆ ಹೊಸ ಸಂಹಿತೆಯ 472ನೇ ಕಲಮು ಗಡುವು ಹಾಕಿದೆ. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿ ವಜಾ ಆದದ್ದನ್ನು ಅಥವಾ ಹೈಕೋರ್ಟ್ ಶಿಕ್ಷೆಯನ್ನು ಖಾಯಂಗೊಳಿಸಿ ಮುಂದಿನ ಮೇಲ್ಮನವಿಯ ಅವಧಿ ಮುಗಿದದ್ದನ್ನು ಜೈಲು ಅಧೀಕ್ಷಕರು ತಿಳಿಸಿದ 30 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಮೊದಲು ರಾಜ್ಯಪಾಲರಿಗೆ ಸಲ್ಲಿಸಿ ಅದು ತಿರಸ್ಕೃತವಾದರೆ 60 ದಿನಗಳೊಳಗೆ ರಾಷ್ಟ್ರಪತಿಗಳಿಗೆ ಸಲ್ಲಿಸಬಹುದು. ಈ ಗಡುವು ಹಳೆಯ ಸಂಹಿತೆಯಲ್ಲಿರಲಿಲ್ಲ.

ಉತ್ತರ ಕರ್ನಾಟಕಕ್ಕೆ ಗಲ್ಲು ಶಿಕ್ಷೆ ಎಂದರೆ ನೆನಪಾಗುವುದು ಹಿಂಡಲಗಾ. ಕ್ಷಮಾದಾನದ ಕಾನೂನನ್ನು ರೂಪಿಸಿದ ಎರಡು ಪ್ರಕರಣಗಳ ಕೈದಿಗಳು ಅಲ್ಲಿಯೇ ಇದ್ದರು. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ ಪೊಲೀಸರೂ ಸೇರಿದಂತೆ 20ಕ್ಕೂ ಹೆಚ್ಚು ಮಂದಿ ಸತ್ತರು. ವೀರಪ್ಪನ್‌ನ ನಾಲ್ವರು ಸಹಚರರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು. ಅವರ ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರ ಫೆಬ್ರುವರಿಯಲ್ಲಿ. ಅಷ್ಟು ವರ್ಷ ಸಾವಿನ ನೆರಳಿನಲ್ಲಿಟ್ಟ ವಿಳಂಬವೇ ಶಿಕ್ಷೆ ಬದಲಿಸಲು ಸಾಕಾದ ಕಾರಣವೆಂದು 2014ರ ಜನವರಿ 21ರ ಶತ್ರುಘ್ನ ಚೌಹಾಣ್ ತೀರ್ಪು ಹೇಳಿತು. ಅವರೂ ಸೇರಿ 15 ಮಂದಿಯ ಗಲ್ಲು ಜೀವಾವಧಿಯಾಯಿತು. ತಿರಸ್ಕಾರವನ್ನು ಲಿಖಿತವಾಗಿ ತಿಳಿಸಬೇಕು, ಆ ಬಳಿಕ ಗಲ್ಲಿಗೆ ಮುನ್ನ ಕನಿಷ್ಠ 14 ದಿನಗಳ ಅಂತರವಿರಬೇಕು ಎಂಬ ನಿಯಮವೂ ಅದೇ ತೀರ್ಪಿನದು.

ಎರಡನೆಯದು ಬಿ.ಎ. ಉಮೇಶ್ ಪ್ರಕರಣ. ಆತನ ಅರ್ಜಿಯನ್ನು ರಾಷ್ಟ್ರಪತಿಗಳು 2013ರಲ್ಲಿ ತಿರಸ್ಕರಿಸಿದ್ದರು. ಆದರೆ ಕ್ಷಮೆಯ ಅರ್ಜಿ ಇತ್ಯರ್ಥವಾಗುವ ಮುನ್ನವೇ ಆತನನ್ನು ಬೆಳಗಾವಿಯಲ್ಲಿ ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿಟ್ಟದ್ದು ಕಾನೂನುಬಾಹಿರವೆಂದ ಸುಪ್ರೀಂ ಕೋರ್ಟ್, 2022ರ ನವೆಂಬರ್‌ನಲ್ಲಿ ಗಲ್ಲನ್ನು ಜೀವಾವಧಿಗೆ ಇಳಿಸಿ ಕನಿಷ್ಠ 30 ವರ್ಷ ಸೆರೆಯಲ್ಲಿರಬೇಕೆಂದಿತು. ಕ್ಷಮೆ ಕೊಡುವುದು ಬಿಡುವುದು ಆಳುವವರಿಗೆ ಬಿಟ್ಟದ್ದು. ಆದರೆ ಕೇಳಿದವನನ್ನು ಕಾನೂನಿನಂತೆ ನಡೆಸಿಕೊಳ್ಳಲೇಬೇಕೆಂಬುದು ಈ ತೀರ್ಪುಗಳ ಸಾರ.

ಈ ಕಾಲಾವಕಾಶದ ಬೆಲೆ ಏನೆಂಬುದನ್ನು ಜಿಲ್ಲೆಯ ಇತಿಹಾಸವೇ ಹೇಳುತ್ತದೆ. ನಿಶ್ಶಸ್ತ್ರೀಕರಣದ ಕಾಯ್ದೆಯ ವಿರುದ್ಧ ಹಲಗಲಿಯ ಬೇಡರು ಬಂಡೆದ್ದದ್ದು 1857ರ ನವೆಂಬರ್‌ನಲ್ಲಿ. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಿದ್ದು ಮರು ತಿಂಗಳಲ್ಲಿಯೇ. ಬಂಡಾಯದಲ್ಲಿ ಪಾಲ್ಗೊಂಡ ಅನೇಕರಿಗೆ ಕ್ಷಮೆ ಸಾರಿದ ವಿಕ್ಟೋರಿಯಾ ರಾಣಿಯ ಘೋಷಣೆ ಹೊರಬಿದ್ದದ್ದು 1858ರ ನವೆಂಬರ್ 1ರಂದು. ಆ ಹೊತ್ತಿಗೆ ಹಲಗಲಿಯ ಆ 19 ಮಂದಿ ಇರಲಿಲ್ಲ.

ಸಹಿ ರಾಜ್ಯಪಾಲರದು, ನಿರ್ಧಾರ ಸಂಪುಟದ್ದು

161ನೇ ವಿಧಿಯ ಅರ್ಜಿಯ ಮೇಲೆ ರಾಜ್ಯಪಾಲರ ಹೆಸರಿದ್ದರೂ ಅವರು ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕು. ರಾಜೀವ್ ಗಾಂಧಿ ಹತ್ಯೆ ಪ್ರಕರಣದ ಪೆರಾರಿವಾಲನ್ ವಿಷಯದಲ್ಲಿ ತಮಿಳುನಾಡು ಸಂಪುಟ 2018ರಲ್ಲಿ ಮಾಡಿದ ಶಿಫಾರಸು ರಾಜಭವನದಲ್ಲಿ ಉಳಿದುಕೊಂಡಿತು. ಕೊನೆಗೆ 2022ರ ಮೇ 18ರಂದು ಸುಪ್ರೀಂ ಕೋರ್ಟ್ ತನ್ನ ವಿಶೇಷಾಧಿಕಾರ ಬಳಸಿ ಆತನನ್ನು ಬಿಡುಗಡೆ ಮಾಡಿತು.

ಹಾಗೆಂದು ಸಂಪುಟ ಬಯಸಿದ್ದೆಲ್ಲ ನಡೆಯುವುದಿಲ್ಲ. ಆಂಧ್ರ ಪ್ರದೇಶದಲ್ಲಿ ರಾಜಕೀಯ ಸಂಬಂಧವಿದ್ದ ಅಪರಾಧಿಯೊಬ್ಬನಿಗೆ ನೀಡಿದ್ದ ಶಿಕ್ಷೆಯ ಮಾಫಿಯನ್ನು, ಕೊಲೆಯಾದವನ ಮಗನ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2006ರಲ್ಲಿ ರದ್ದುಪಡಿಸಿತು. ಜಾತಿ, ಧರ್ಮ, ಪಕ್ಷ ನಿಷ್ಠೆಗಳನ್ನು ನೋಡಿ ಕ್ಷಮೆ ನೀಡಲಾಗದೆಂದಿತು. 'ಪ್ರಭಾವ' ಬಳಸಿ ಬಿಡಿಸುತ್ತೇವೆನ್ನುವವರ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಹಾಗೆ ಪಡೆದ ಬಿಡುಗಡೆ ಉಳಿಯುವ ಭರವಸೆಯಿಲ್ಲ.

ಕ್ಷಮೆಯ ಇನ್ನೊಂದು ಬದಿಯಲ್ಲಿ ನೊಂದವರ ಮನೆ ಇದೆ. ಅವರ ಒಪ್ಪಿಗೆ ಬೇಕೇಬೇಕೆಂದು ಕಾನೂನು ಹೇಳದಿದ್ದರೂ ಪೊಲೀಸ್ ವಿಚಾರಣೆಯ ವೇಳೆ ಅವರು ತಮ್ಮ ಆತಂಕವನ್ನು ತಿಳಿಸಬಹುದು. ಆದೇಶ ಕಾನೂನಿಗೆ ವಿರುದ್ಧವಾಗಿದ್ದರೆ ನ್ಯಾಯಾಲಯದ ಮೊರೆ ಹೋಗಬಹುದು. ಒಂದೇ ಊರಿನಲ್ಲಿ ಎರಡೂ ಮನೆಗಳಿರುವಾಗ, ಬಿಡುಗಡೆಗೆ ಮುನ್ನವೇ ಹಿರಿಯರ ಸಮಕ್ಷಮ ವೈಮನಸ್ಯ ತಣಿದರೆ ಎರಡೂ ಕಡೆಗೆ ಕ್ಷೇಮ. ಆದರೆ ಒಪ್ಪಿಗೆಗಾಗಿ ಬೆದರಿಸುವುದು ಬೇರೊಂದು ಅಪರಾಧವಾದೀತು.

ಹೊರಬಂದ ಮೇಲೆ

ಶಿಕ್ಷೆಯ ಕಡಿತದಿಂದ ಹೊರಬಂದವನ ಅಪರಾಧ ನಿರ್ಣಯ ಅಳಿಯುವುದಿಲ್ಲ. ಮಾಫಿಯು ನ್ಯಾಯಾಲಯ ಕೊಟ್ಟ ಶಿಕ್ಷೆಯನ್ನು ಬದಲಿಸದು, ಅನುಭವಿಸುವ ಅವಧಿಯನ್ನು ಮಾತ್ರ ಇಳಿಸುತ್ತದೆ ಎಂದು ಚುನಾವಣಾ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಹೇಳಿದೆ. ಹೀಗಾಗಿ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯ ನಂತರವೂ ಆರು ವರ್ಷ ವಿಧಾನಸಭೆ, ಲೋಕಸಭೆ ಚುನಾವಣೆಗೆ ನಿಲ್ಲುವಂತಿಲ್ಲ. ಬಿಡುಗಡೆಗೆ ಷರತ್ತುಗಳಿರುತ್ತವೆ, ಮುರಿದರೆ ಮತ್ತೆ ಜೈಲು. ಆದರೆ ಕಾರಣ ತಿಳಿಸದೆ, ಉತ್ತರಕ್ಕೆ ಅವಕಾಶ ಕೊಡದೆ ಬಿಡುಗಡೆಯನ್ನು ಹಿಂಪಡೆಯುವಂತಿಲ್ಲ.

ಸಣ್ಣ ಅಪರಾಧದಲ್ಲಿ ಮೊದಲ ಬಾರಿಗೆ ಸಿಕ್ಕಿಬಿದ್ದ ಯುವಕರಿಗೆ ಕ್ಷಮಾದಾನಕ್ಕಿಂತ ಹತ್ತಿರದ ದಾರಿ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ತೀರ್ಪಿನ ದಿನವೇ ನ್ಯಾಯಾಲಯವನ್ನು ಕೋರಿ, ಸನ್ನಡತೆಯ ಮುಚ್ಚಳಿಕೆ ಬರೆದುಕೊಟ್ಟು ಬಿಡುಗಡೆ ಪಡೆಯಲು ಅದರಲ್ಲಿ ಅವಕಾಶವಿದೆ. ಹಾಗೆ ಬಿಡುಗಡೆಯಾದವರಿಗೆ ಅಪರಾಧ ನಿರ್ಣಯದಿಂದ ಬರುವ ಅನರ್ಹತೆ ತಗಲುವುದಿಲ್ಲ. ನೌಕರಿಯ ನಿರೀಕ್ಷೆಯಲ್ಲಿರುವವರಿಗೆ ಇದು ಬಹು ಮುಖ್ಯ. ಆದರೆ ಇದನ್ನು ಕೇಳಬೇಕಾದ ಕಾಲ ತೀರ್ಪಿನ ಹೊತ್ತು, ವರ್ಷಗಳ ನಂತರವಲ್ಲ.

ನೆರವು ಎಲ್ಲಿ?

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾವುದೇ ವ್ಯಕ್ತಿ ಉಚಿತ ಕಾನೂನು ನೆರವಿಗೆ ಅರ್ಹ. ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನಾಗಲಿ, ತಾಲ್ಲೂಕು ಮಟ್ಟದ ಕಾನೂನು ಸೇವಾ ಸಮಿತಿಯನ್ನಾಗಲಿ ಸಂಪರ್ಕಿಸಬಹುದು. 15100 ಸಂಖ್ಯೆಯ ಸಹಾಯವಾಣಿಗೂ ಕರೆ ಮಾಡಬಹುದು. ಕಳಿಸಿದ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಾರಾಗೃಹ ಇಲಾಖೆಯನ್ನು ಅಥವಾ ಗೃಹ ಇಲಾಖೆಯನ್ನು ಕೇಳಲು ಅವಕಾಶವಿದೆ.

ಕ್ಷಮೆ ಯಾರ ಹಕ್ಕೂ ಅಲ್ಲ. ಆದರೆ ತನ್ನ ಪ್ರಕರಣವನ್ನು ನಿಯಮದಂತೆ ಪರಿಗಣಿಸಿ, ಉತ್ತರವನ್ನು ಕಾರಣ ಸಮೇತ ತಿಳಿಸಿರೆಂದು ಕೇಳುವುದು ಪ್ರತಿ ಕೈದಿಯ ಹಕ್ಕು. ಮಧ್ಯವರ್ತಿಯ ಕೈಗೆ ಹಣ ಇಡುವ ಮುನ್ನ ತೀರ್ಪಿನ ಪ್ರತಿಯನ್ನು ಕೈಯಲ್ಲಿ ಹಿಡಿದು ಕಾನೂನು ಸೇವಾ ಪ್ರಾಧಿಕಾರದ ಕಚೇರಿಯ ಮೆಟ್ಟಿಲೇರುವುದು ಕುಟುಂಬ ಮಾಡಬೇಕಾದ ಮೊದಲ ಕೆಲಸ.